ಪಂಪು ಓಡ್ತದೆ, ನೀರು ಬರೋದಿಲ್ಲ. ಯಾಕೆ?

ದಕ್ಷಿಣ ಕನ್ನಡ, ಉಡುಪಿ ಕಡೆ ಹಳ್ಳಿಗಳಲ್ಲಿ ಬಾವಿ ಇಲ್ಲದ ಮನೆ ಕಡಿಮೆ. ಹಿಂದೆ ಬಾವಿಗೆ ರಾಟೆ ಇತ್ತು. ಹಗ್ಗ ಇತ್ತು. ಕೊಡ ಇತ್ತು. ಸೇದುವ ಕೈ ಮಾತ್ರ ಯಾವಾಗಲೂ ಹೆಂಗಸರದ್ದೇ ಇತ್ತು. ಈಗ ತುಂಬಾ ಮನೆಗಳಲ್ಲಿ ಪಂಪು ಬಂದಿದೆ. ಸ್ವಿಚ್ಚು ಹಾಕಿದರೆ ನೀರು ಟ್ಯಾಂಕಿಗೆ ಏರುತ್ತದೆ.

ಒಂದು ದಿನ ಸ್ವಿಚ್ಚು ಹಾಕುತ್ತೇವೆ. ಮೋಟಾರು ಓಡುತ್ತದೆ. ಸದ್ದೂ ಬರುತ್ತದೆ. ನೀರು ಮಾತ್ರ ಬರುವುದಿಲ್ಲ.

"ಅತ್ತೆ, ಪಂಪು ಓಡ್ತಾ ಉಂಟು. ನೀರು ಬರುದಿಲ್ಲ."

"ಎಂತ ಆಯ್ತು ಅದಕ್ಕೆ? ಮೊನ್ನೆ ಸರಿ ಇತ್ತಲ್ಲ?"

"ಸುಟ್ಟು ಹೋಯ್ತೋ ಎಂತದೋ."

"ಸುಟ್ಟು ಹೋದ್ರೆ ಓಡ್ತದಾ ಮಾರಾಯ್ತಿ?"

ಅತ್ತೆ ಹೇಳಿದ್ದು ಸರಿ. ಸುಟ್ಟ ಮೋಟಾರು ಓಡುವುದಿಲ್ಲ. ಓಡುವ ಮೋಟಾರಿನಲ್ಲಿ ನೀರು ಬರದಿದ್ದರೆ ತೊಂದರೆ ಬೇರೆ ಎಲ್ಲೋ ಇದೆ. ಹೆಚ್ಚಿನ ಸಲ ಅದು ಸಣ್ಣ ತೊಂದರೆ. ಒಂದು ಎಲೆ, ಒಂದು ಸವೆದ ವಾಶರು, ಒಂದು ತೂತು. ಆದರೆ ಅದು ಗೊತ್ತಿಲ್ಲದೆ ಏನಾಗುತ್ತದೆ? ಮೆಕ್ಯಾನಿಕ್ಕು "ನಾಳೆ ಬರ್ತೇನೆ" ಅನ್ನುತ್ತಾನೆ. ಆ ನಾಳೆ ಬರಲಿಕ್ಕೆ ಮೂರು ದಿನ ಬೇಕು. ಅಷ್ಟು ದಿನ ಮತ್ತೆ ಹಗ್ಗ, ಮತ್ತೆ ಕೊಡ, ಮತ್ತೆ ಬೆನ್ನು ನೋವು. ಬಂದವನು "ಹೊಸ ಪಂಪು ತೆಗೆದುಕೊಳ್ಳಿ" ಅಂದರೆ ಅದಕ್ಕೂ ತಲೆ ಆಡಿಸುತ್ತೇವೆ. ಯಾಕೆ? ನಮಗೆ ಗೊತ್ತಿಲ್ಲ ಅಂತ.

ಪಂಪಿನ ವಿಷಯ ಗಂಡಸರಿಗೆ ಸೇರಿದ್ದು ಅನ್ನುವ ಮಾತು ಇದೆ. ನಾವು ಅದನ್ನು ಒಪ್ಪುವುದಿಲ್ಲ. ಹೊಲಿಗೆ ಮಿಷನ್ನು ಬಿಚ್ಚಿ ಎಣ್ಣೆ ಬಿಡುವ ಕೈಗೆ, ಮಿಕ್ಸಿಯ ವಾಶರು ಬದಲಿಸುವ ಕೈಗೆ ಇದು ಕಷ್ಟವಲ್ಲ. ಬನ್ನಿ, ಒಂದೊಂದಾಗಿ ನೋಡೋಣ.

ಮುಟ್ಟುವ ಮೊದಲು

ಪಂಪಿನ ಹತ್ತಿರ ನೀರು ಇದೆ. ಕರೆಂಟೂ ಇದೆ. ಈ ಎರಡು ಒಟ್ಟಿಗೆ ಇರುವ ಜಾಗದಲ್ಲಿ ಆತುರ ಬೇಡ.

ಪಂಪನ್ನು ಮುಟ್ಟುವ ಮೊದಲು ಸ್ವಿಚ್ಚು ಆರಿಸಿ. ಅಷ್ಟು ಸಾಲದು. ಮೈನ್ ಸ್ವಿಚ್ಚನ್ನೂ ಕೆಳಗೆ ಮಾಡಿ. ಫ್ಯೂಸು ಇದ್ದರೆ ತೆಗೆದು ಸೆರಗಿಗೆ ಕಟ್ಟಿಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ. ಫ್ಯೂಸು ನಿಮ್ಮ ಹತ್ತಿರ ಇದ್ದರೆ, ಒಳಗಿನಿಂದ ಬಂದ ಮಗು ಸ್ವಿಚ್ಚು ಹಾಕಿದರೂ ನಿಮಗೆ ಏನೂ ಆಗುವುದಿಲ್ಲ. ಒದ್ದೆ ಕೈಯಲ್ಲಿ, ಬರಿಗಾಲಲ್ಲಿ ಸ್ವಿಚ್ಚು ಮುಟ್ಟಬೇಡಿ. ಪಂಪಿನ ಮೈ ಮುಟ್ಟಿದಾಗ ಯಾವತ್ತಾದರೂ ಜುಂ ಅಂದಿದ್ದರೆ ಆ ಪಂಪನ್ನು ಓಡಿಸಲೇಬೇಡಿ. ಅದಕ್ಕೆ ಕರೆಂಟು ಕೆಲಸದವರೇ ಬರಬೇಕು. ಅರ್ತ್ ವಯರು ಸರಿ ಇದೆಯಾ ಅಂತ ಅವರ ಹತ್ತಿರ ಕೇಳಿ.

ಇನ್ನೊಂದು ಮಾತು. ನೀರಿಲ್ಲದೆ ಪಂಪನ್ನು ಓಡಿಸುತ್ತಾ ಇರಬೇಡಿ. "ಸ್ವಲ್ಪ ಹೊತ್ತು ಓಡಲಿ, ಬರಬಹುದು" ಅಂತ ಕೆಲವರು ಬಿಡುತ್ತಾರೆ. ಪಂಪಿನ ಒಳಗೆ ಒಂದು ಸೀಲು ಇರುತ್ತದೆ. ನೀರು ಹೊರಗೆ ಸೋರದ ಹಾಗೆ ಅದು ತಡೆಯುತ್ತದೆ. ಅದು ತಣ್ಣಗೆ ಇರುವುದು ನೀರಿನಿಂದಲೇ. ನೀರಿಲ್ಲದಿದ್ದರೆ ಸೀಲು ಬಿಸಿಯಾಗಿ ಸುಡುತ್ತದೆ. ಒಂದು ಎಲೆಯಿಂದ ಶುರುವಾದ ತೊಂದರೆ ಹೀಗೆ ದೊಡ್ಡ ಖರ್ಚಾಗುತ್ತದೆ. ಒಂದು, ಎರಡು ನಿಮಿಷ ನೋಡಿ. ನೀರು ಬರಲಿಲ್ಲವಾ, ಆರಿಸಿ.

ಪಂಪು ನೀರನ್ನು ಎಳೆಯುತ್ತದಾ?

ಎಲ್ಲರೂ ಹಾಗೇ ಹೇಳುತ್ತೇವೆ. ನಿಜವಾಗಿ ನೋಡಿದರೆ ಪಂಪು ನೀರನ್ನು ಎಳೆಯುವುದಿಲ್ಲ. ಗಾಳಿ ನೀರನ್ನು ತಳ್ಳುತ್ತದೆ.

ಎಳನೀರು ಕುಡಿಯುವ ಕೊಳವೆಯನ್ನು ನೆನಪು ಮಾಡಿಕೊಳ್ಳಿ. ಕೊಳವೆಗೆ ಬಾಯಿ ಇಟ್ಟು ಹೀರುತ್ತೇವೆ. ಮೊದಲು ಕೊಳವೆಯ ಒಳಗಿನ ಗಾಳಿ ನಮ್ಮ ಬಾಯಿಗೆ ಬರುತ್ತದೆ. ಕೊಳವೆಯೊಳಗೆ ಗಾಳಿ ಕಡಿಮೆ ಆಯಿತು. ಹೊರಗೆ ಗಾಳಿ ಹಾಗೇ ಇದೆ. ಆ ಹೊರಗಿನ ಗಾಳಿ ಎಳನೀರನ್ನು ಮೇಲಿನಿಂದ ಒತ್ತುತ್ತದೆ. ಎಳನೀರು ಕೊಳವೆಯಲ್ಲಿ ಮೇಲೆ ಬರುತ್ತದೆ.

ಈಗ ಅದೇ ಕೊಳವೆಗೆ ನಡುವೆ ಒಂದು ಸೂಜಿ ತೂತು ಮಾಡಿ. ಎಷ್ಟು ಹೀರಿದರೂ ಗಾಳಿಯೇ ಬಾಯಿಗೆ ಬರುತ್ತದೆ. ಎಳನೀರು ಸರಿಯಾಗಿ ಬರುವುದಿಲ್ಲ. ಮಕ್ಕಳ ಹತ್ತಿರ ಈ ಆಟ ಆಡಿಸಿ ನೋಡಿ. ಪಂಪಿನ ಅರ್ಧ ಪಾಠ ಇದರಲ್ಲೇ ಇದೆ.

ಬಾವಿಯ ಪಂಪು ಕೂಡ ಹೀಗೆ. ಬಾವಿಗೆ ಇಳಿದಿರುವ ಪೈಪು ನಮ್ಮ ಕೊಳವೆ. ಅದಕ್ಕೆ ಸಕ್ಷನ್ ಪೈಪು ಅಂತ ಹೆಸರು. ಪಂಪಿನ ಒಳಗೆ ಒಂದು ಚಕ್ರ ಇದೆ. ಅದು ಜೋರಾಗಿ ತಿರುಗಿ, ಒಳಗಿರುವ ನೀರನ್ನು ಮೇಲಿನ ಪೈಪಿಗೆ ಎಸೆಯುತ್ತದೆ. ಎಸೆದ ಜಾಗ ಖಾಲಿಯಾಗುತ್ತದೆ. ಬಾವಿಯ ನೀರನ್ನು ಗಾಳಿ ಆ ಖಾಲಿ ಜಾಗಕ್ಕೆ ತಳ್ಳುತ್ತದೆ. ಮೇಲೆ ಟ್ಯಾಂಕಿಗೆ ಹೋಗುವ ಪೈಪಿಗೆ ಡೆಲಿವರಿ ಪೈಪು ಅಂತ ಹೆಸರು.

ಇಲ್ಲಿ ಒಂದು ವಿಷಯ ಮುಖ್ಯ. ಆ ಚಕ್ರ ನೀರನ್ನು ಎಸೆಯಬಲ್ಲದು. ಗಾಳಿಯನ್ನು ಎಸೆಯಲಾರದು. ಗಾಳಿ ಬಹಳ ಹಗುರ, ಚಕ್ರಕ್ಕೆ ಅದು ಸಿಗುವುದೇ ಇಲ್ಲ. ಆದ್ದರಿಂದ ಪಂಪು ಶುರುವಾಗುವ ಮೊದಲೇ ಅದರ ಹೊಟ್ಟೆಯಲ್ಲಿ ನೀರಿರಬೇಕು. ಕೆಳಗಿನ ಪೈಪಿನಲ್ಲೂ ನೀರು ತುಂಬಿರಬೇಕು. ಅಲ್ಲಿ ಗಾಳಿ ಸೇರಿದರೆ ಪಂಪು ಸುಮ್ಮನೆ ಓಡುತ್ತದೆ. "ಏರ್ ಹಿಡಿದಿದೆ" ಅಂತ ಮೆಕ್ಯಾನಿಕ್ಕು ಹೇಳುವುದು ಇದನ್ನೇ.

ಹಾಗಾದರೆ ಪಂಪು ನಿಂತಾಗ ಪೈಪಿನ ನೀರು ಬಾವಿಗೆ ವಾಪಸು ಬೀಳುವುದಿಲ್ಲವಾ? ಬೀಳಬಾರದು ಅಂತಲೇ ಪೈಪಿನ ತುದಿಯಲ್ಲಿ ಒಂದು ಬಾಗಿಲು ಇಟ್ಟಿದ್ದಾರೆ. ಅದೇ ಫುಟ್ ವಾಲು. ಅದು ಯಾವಾಗಲೂ ನೀರಿನೊಳಗೆ ಇರುತ್ತದೆ. ಹೊರಗಡೆ ಜಾಲರಿ, ಒಳಗೆ ರಬ್ಬರಿನ ಅಥವಾ ಚರ್ಮದ ವಾಶರು ಇರುವ ಮುಚ್ಚಳ. ನೀರು ಮೇಲೆ ಹೋಗುವಾಗ ಮುಚ್ಚಳ ತೆರೆಯುತ್ತದೆ. ನೀರು ಕೆಳಗೆ ಬರಲು ಹೊರಟರೆ ಮುಚ್ಚಿಕೊಳ್ಳುತ್ತದೆ. ಒಳಗೆ ಹೋಗಲು ಬಿಡುವ, ಹೊರಗೆ ಬರಲು ಬಿಡದ ಬಾಗಿಲು. ಮೀನು ಹಿಡಿಯುವ ಕೂಳಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ಮೊದಲು ಬಾವಿಗೆ ಇಣುಕಿ

ಪಂಪು ಬಿಚ್ಚುವ ಮೊದಲು ಬಾವಿ ನೋಡಿ. ಇದನ್ನು ಮರೆಯುವವರೇ ಹೆಚ್ಚು.

ನಮ್ಮ ಕಡೆ ಮಳೆಗಾಲದಲ್ಲಿ ಬಾವಿ ತುಂಬಿ ಕೈಗೆ ಸಿಗುವ ಹಾಗೆ ಇರುತ್ತದೆ. ಏಪ್ರಿಲ್, ಮೇ ತಿಂಗಳಿಗೆ ತಳ ಕಾಣುತ್ತದೆ. ನೀರು ಇಳಿದು ಫುಟ್ ವಾಲು ಹೊರಗೆ ಬಂದಿರಬಹುದು. ಆಗ ಅದು ನೀರಿನ ಬದಲು ಗಾಳಿಯನ್ನು ಹೀರುತ್ತದೆ. ಫುಟ್ ವಾಲು ನೀರಿನಲ್ಲಿ ಮುಳುಗಿದ್ದರೂ, ಮೇಲೆ ನೀರು ಒಂದು ಗೇಣು ಮಾತ್ರ ಇದ್ದರೆ ಸಾಲದು. ಪಂಪು ಓಡುವಾಗ ಅಲ್ಲಿ ಸುಳಿ ಏಳುತ್ತದೆ. ಸುಳಿಯ ಮೂಲಕ ಗಾಳಿ ಒಳಗೆ ನುಗ್ಗುತ್ತದೆ. ಎರಡು ಅಡಿಯಾದರೂ ನೀರು ಇರಬೇಕು. ಹಾಗಂತ ಫುಟ್ ವಾಲನ್ನು ಬಾವಿಯ ತಳಕ್ಕೆ ತಾಗಿಸಲೂ ಬಾರದು. ಕೆಸರು, ಮರಳು ಮೇಲೆ ಬರುತ್ತದೆ. ತಳದಿಂದ ಒಂದು, ಒಂದೂವರೆ ಅಡಿ ಮೇಲೆ ಇರಲಿ.

ಪೈಪು ಉದ್ದ ಮಾಡಿದರೆ ಆಯಿತಲ್ಲ, ಅಂತ ನೀವು ಕೇಳಬಹುದು. ಇಲ್ಲಿಯೇ ದೊಡ್ಡ ಮೋಸ ಹೋಗುವುದು.

ಗಾಳಿಗೂ ಒಂದು ಶಕ್ತಿ, ಒಂದು ಮಿತಿ ಇದೆ. ಸಮುದ್ರದ ಮಟ್ಟದಲ್ಲಿ ಗಾಳಿ ನೀರನ್ನು ಹೆಚ್ಚೆಂದರೆ 34 ಅಡಿ ಮೇಲಕ್ಕೆ ತಳ್ಳಬಲ್ಲದು. ಸುಮಾರು 380 ವರ್ಷಗಳ ಹಿಂದೆ ಇಟಲಿ ದೇಶದ ಟೊರಿಚೆಲ್ಲಿ ಎಂಬವರು ಗಾಳಿಯ ಈ ಶಕ್ತಿಯನ್ನು ಅಳೆದು ತೋರಿಸಿದರು. ಅಲ್ಲಿನ ಪಂಪು ಕೆಲಸದವರಿಗೂ ನಮ್ಮದೇ ತೊಂದರೆ ಇತ್ತು. ಎಷ್ಟು ಒಳ್ಳೆಯ ಪಂಪು ಇಟ್ಟರೂ 34 ಅಡಿಯ ಮೇಲೆ ನೀರು ಬರುತ್ತಿರಲಿಲ್ಲ. ನಮ್ಮ ಮನೆಯ ಪಂಪಿಗೆ 34 ಅಡಿಯೂ ಸಿಗುವುದಿಲ್ಲ. ಪೈಪು, ಬೆಂಡು, ಫುಟ್ ವಾಲು ಎಲ್ಲದರಲ್ಲೂ ನೀರು ಉಜ್ಜಿಕೊಂಡು ಬರಬೇಕು. 20 ಅಡಿ ಅಂದರೆ ಸಲೀಸು. 25 ಅಡಿ ಅಂದರೆ ಕಷ್ಟಪಟ್ಟು. ಅದಕ್ಕಿಂತ ಆಳವಾದರೆ ಬರುವುದಿಲ್ಲ. ಮಡಿಕೇರಿಯಂತಹ ಎತ್ತರದ ಊರಿನಲ್ಲಿ ಗಾಳಿಯ ಒತ್ತಡವೇ ಕಡಿಮೆ. ಅಲ್ಲಿ ಇನ್ನೂ 3, 4 ಅಡಿ ಕಳೆಯಬೇಕು.

ಆಳ ಅಳೆಯುವುದು ಹೇಗೆ? ಹಗ್ಗಕ್ಕೆ ಚೆಂಬು ಕಟ್ಟಿ ಪಂಪಿನ ಮಟ್ಟದಿಂದ ಇಳಿಸಿ. ಚೆಂಬು ನೀರಿಗೆ ತಾಗಿದ ಕೂಡಲೇ ಹಗ್ಗಕ್ಕೆ ಗಂಟು ಹಾಕಿ. ಮೇಲೆ ಎಳೆದು ಮಾರು ಹಾಕಿ ಅಳೆಯಿರಿ. ಎರಡೂ ಕೈ ಚಾಚಿದರೆ ಒಂದು ಮಾರು. ನಿಮ್ಮ ಮಾರು ಹೆಚ್ಚುಕಡಿಮೆ ನಿಮ್ಮ ಎತ್ತರದಷ್ಟೇ ಇರುತ್ತದೆ, ಅಂದರೆ ಸುಮಾರು 5 ಅಡಿ. ನಾಲ್ಕು ಮಾರಾದರೆ 20 ಅಡಿ. ಐದು ಮಾರು ದಾಟಿದರೆ ತೊಂದರೆ ಪಂಪಿನದ್ದಲ್ಲ, ಆಳದ್ದು.

ಆಗ ಅಂಗಡಿಯವನು ಏನು ಹೇಳುತ್ತಾನೆ? "ಅರ್ಧ ಎಚ್‌ಪಿ ಸಾಲದು ಅಕ್ಕ, ಒಂದು ಎಚ್‌ಪಿ ಹಾಕಿಸಿ." ಸಾಲ ಮಾಡಿ ಹಾಕಿಸುತ್ತೀರಿ. ಆದರೂ ನೀರು ಬರುವುದಿಲ್ಲ! ಯಾಕೆಂದರೆ ಕೆಳಗಿನಿಂದ ನೀರು ತಳ್ಳುವುದು ಮೋಟಾರಲ್ಲ, ಗಾಳಿ. ಮೋಟಾರು ದೊಡ್ಡದಾದರೆ ಗಾಳಿ ದೊಡ್ಡದಾಗುವುದಿಲ್ಲ. ಪಂಪಿಗೆ ಬಂದ ನೀರನ್ನು ಇನ್ನೂ ಎತ್ತರಕ್ಕೆ ಎಸೆಯಲು ದೊಡ್ಡ ಮೋಟಾರು ಬೇಕು, ಸರಿ. ಆಳದಿಂದ ತರಲು ಅದರಿಂದ ಉಪಯೋಗವಿಲ್ಲ.

ದಾರಿ ಏನು? ಪಂಪನ್ನೇ ಕೆಳಗೆ ಇಳಿಸಬೇಕು. ಬಾವಿಯ ಒಳಗೆ ಮೆಟ್ಟಿಲೋ ಕಟ್ಟೆಯೋ ಇದ್ದರೆ ಅಲ್ಲಿ ಇಡಿಸಬಹುದು. ಮಳೆಗಾಲದ ಮೊದಲು ಮರೆಯದೆ ಮೇಲೆ ತರಬೇಕು, ಇಲ್ಲದಿದ್ದರೆ ಮುಳುಗುತ್ತದೆ. ಅಥವಾ ನೀರಿನೊಳಗೇ ಇರುವ ಸಬ್‌ಮರ್ಸಿಬಲ್ ಪಂಪು ಹಾಕಿಸಬೇಕು. ಅದು ಕೆಳಗಿನಿಂದ ತಳ್ಳುತ್ತದೆ. ಅದಕ್ಕೆ ಗಾಳಿಯ ಹಂಗಿಲ್ಲ.

ನೀರು ಹಾಕಿ ನೋಡುವುದು

ಬಾವಿಯಲ್ಲಿ ನೀರಿದೆ. ಆಳವೂ ಹೆಚ್ಚಿಲ್ಲ. ಆದರೂ ನೀರು ಬರುವುದಿಲ್ಲ. ಈಗ ಪಂಪಿಗೆ ನೀರು ಹಾಕಬೇಕು.

ಮೈನ್ ಸ್ವಿಚ್ಚು ಆರಿಸಿ. ಪಂಪಿನ ಮೇಲ್ಗಡೆ ಒಂದು ಬೋಲ್ಟು ಇರುತ್ತದೆ. ಕೆಲವು ಕಡೆ ಆಲಿಕೆಯ ಹಾಗೆ ಒಂದು ಬಾಯಿ ಇರುತ್ತದೆ. ಅದನ್ನು ತೆರೆಯಿರಿ. ಚೆಂಬಿನಿಂದ ನಿಧಾನವಾಗಿ ನೀರು ಸುರಿಯಿರಿ. ಮೋಟಾರಿನ ಮೇಲೆ ನೀರು ಬೀಳಬಾರದು. ಒಳಗಿನ ಗಾಳಿ ಬುಳುಬುಳು ಅಂತ ಮೇಲೆ ಬರುತ್ತದೆ. ಅದು ಬರಲಿ, ಕಾಯಿರಿ. ಮತ್ತೆ ಸುರಿಯಿರಿ. ನೀರು ಬಾಯಿಯ ತನಕ ಬಂದು ಅಲುಗಾಡದೆ ನಿಂತರೆ ತುಂಬಿತು ಅಂತ ಅರ್ಥ.

ಎಷ್ಟು ನೀರು ಬೇಕು? ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಒಂದು ಇಂಚಿನ ಪೈಪು 20 ಅಡಿ ಉದ್ದ ಇದ್ದರೆ, ಅದರಲ್ಲಿ ಸುಮಾರು 3 ಲೀಟರು ನೀರು ಹಿಡಿಯುತ್ತದೆ. ಒಂದೂಕಾಲು ಇಂಚಿನ ಪೈಪಾದರೆ ಸುಮಾರು 5 ಲೀಟರು. ಪಂಪಿನ ಹೊಟ್ಟೆಗೆ ಇನ್ನು ಸ್ವಲ್ಪ. ಹಾಗಾದರೆ ಒಂದು ಕೊಡ ನೀರು ಪೂರ್ತಿ ಸುರಿದರೂ ತುಂಬಲಿಲ್ಲ ಅಂದರೆ? ಕೊಡದಲ್ಲಿ ಹತ್ತು ಲೀಟರಿಗೆ ಕಡಿಮೆ ಇಲ್ಲ. ನೀವು ಸುರಿದ ನೀರು ಬಾವಿಗೇ ಹೋಗುತ್ತಿದೆ. ಮತ್ತೊಂದು ಕೊಡ ತಂದು ಸುರಿಯುವ ಕೆಲಸ ಬೇಡ.

ತುಂಬಿತು ಅಂತ ಇಟ್ಟುಕೊಳ್ಳಿ. ಕೂಡಲೇ ಸ್ವಿಚ್ಚು ಹಾಕಬೇಡಿ. ಹತ್ತು ನಿಮಿಷ ಬೇರೆ ಕೆಲಸ ಮಾಡಿ ಬನ್ನಿ. ಬಂದು ನೋಡಿ.

ನೀರು ಬಾಯಿಯಲ್ಲಿ ಹಾಗೇ ನಿಂತಿದೆಯಾ? ಹಾಗಾದರೆ ಫುಟ್ ವಾಲು ಒಳ್ಳೆಯದಿದೆ. ಬೋಲ್ಟನ್ನು ಗಟ್ಟಿಯಾಗಿ ತಿರುಗಿಸಿ. ಟ್ಯಾಂಕಿಗೆ ಹೋಗುವ ಗೇಟ್ ವಾಲು ತೆರೆದಿದೆಯಾ ನೋಡಿ. ಕೈ ಒರೆಸಿಕೊಂಡು ಸ್ವಿಚ್ಚು ಹಾಕಿ. ಒಂದು ನಿಮಿಷದೊಳಗೆ ನೀರು ಬರಬೇಕು.

ನೀರು ಕೆಳಗೆ ಇಳಿದಿದೆಯಾ? ಹಾಗಾದರೆ ಎಲ್ಲೋ ಸೋರುತ್ತಿದೆ. ಎಲ್ಲಿ ಅಂತ ಹುಡುಕುವ ಉಪಾಯ ಸುಲಭ. ಪೈಪಿಗೆ ಮತ್ತೆ ನೀರು ತುಂಬಿಸಿ. ಪಂಪಿನಿಂದ ಬಾವಿಯ ನೀರಿನ ತನಕ ಪೈಪನ್ನು ಕಣ್ಣಲ್ಲೇ ನೋಡುತ್ತಾ ಹೋಗಿ. ಟಾರ್ಚು ಬಿಟ್ಟು ನೋಡಿ. ಎಲ್ಲಾದರೂ ಪೈಪಿನ ಮೇಲೆ ಹನಿ ಮೂಡಿದರೆ, ಒದ್ದೆ ಗೆರೆ ಕಂಡರೆ, ತೂತು ಅಲ್ಲೇ. ಹೊರಗೆ ಎಲ್ಲೂ ಹನಿ ಇಲ್ಲ, ಆದರೂ ನೀರು ಇಳಿಯುತ್ತದೆ ಅಂದರೆ ಅದು ಫುಟ್ ವಾಲಿನ ಕೆಲಸ.

ಕೆಲವು ಮನೆಗಳಲ್ಲಿ ದಿನಾ ಬೆಳಿಗ್ಗೆ ಪಂಪಿಗೆ ನೀರು ಹಾಕಿಯೇ ಓಡಿಸುತ್ತಾರೆ. ವರ್ಷಗಟ್ಟಲೆ ಹೀಗೆ ನಡೆಯುತ್ತದೆ. "ನಮ್ಮ ಪಂಪಿನ ಅಭ್ಯಾಸ ಹಾಗೆ" ಅನ್ನುತ್ತಾರೆ. ಪಂಪಿಗೆ ಅಂತಹ ಅಭ್ಯಾಸ ಇರುವುದಿಲ್ಲ. ರಾತ್ರಿಯೆಲ್ಲ ಫುಟ್ ವಾಲು ಸೋರುತ್ತದೆ, ಅಷ್ಟೇ. ನೀರು ಹಾಕುವ ಕೆಲಸ ನಮ್ಮ ತಲೆಗೆ ಬಂದಿರುವುದರಿಂದ ಅದನ್ನು ರಿಪೇರಿ ಮಾಡಿಸಲು ಯಾರಿಗೂ ಅವಸರವಿಲ್ಲ!

ಫುಟ್ ವಾಲು

ಮುಚ್ಚಳದ ನಡುವೆ ಒಂದು ಎಲೆ ಸಿಕ್ಕಿಕೊಂಡರೆ ಸಾಕು, ಬಾಗಿಲು ಮುಚ್ಚುವುದಿಲ್ಲ. ತೆಂಗಿನ ನಾರು, ಮರಳಿನ ಕಾಳು, ಸಣ್ಣ ಶಂಖದ ಹುಳು, ಯಾವುದೂ ಆಗಬಹುದು. ಮೊದಲು ಮೇಲಿನಿಂದಲೇ ಒಂದು ಪ್ರಯತ್ನ ಮಾಡಿ. ಪಂಪಿನ ಬಾಯಿಯಿಂದ ಒಂದು ಚೆಂಬು ನೀರನ್ನು ಒಮ್ಮೆಗೇ ಸುರಿಯಿರಿ. ಎರಡು, ಮೂರು ಸಲ ಹೀಗೆ ಮಾಡಿ. ಬಾವಿಗೆ ಇಳಿದಿರುವುದು ಬಗ್ಗುವ ಹೋಸು ಪೈಪಾದರೆ ಅದನ್ನು ಮೇಲೆ ಕೆಳಗೆ ಜೋರಾಗಿ ಅಲುಗಾಡಿಸಿ. ಸಿಕ್ಕಿದ್ದ ಕಸ ಬಿಟ್ಟು ಹೋದರೂ ಹೋಗಬಹುದು.

ಹೋಗದಿದ್ದರೆ ಪೈಪನ್ನು ಮೇಲೆ ಎತ್ತಬೇಕು. ನೀರು ತುಂಬಿದ ಪೈಪು ಭಾರ. ಇಬ್ಬರು, ಮೂವರು ಸೇರಿ. ಪೈಪಿಗೆ ಹಗ್ಗ ಕಟ್ಟಿ, ಕಟ್ಟೆಯ ಹೊರಗೆ ನಿಂತು ಎತ್ತಿ. ಫುಟ್ ವಾಲು ಕೈಗೆ ಬಂದ ಮೇಲೆ ಜಾಲರಿಯ ಪಾಚಿಯನ್ನು ಬ್ರಶ್ಶಿನಿಂದ ತಿಕ್ಕಿ ತೊಳೆಯಿರಿ. ಒಳಗಿನ ಮುಚ್ಚಳವನ್ನು ಬೆರಳಿನಿಂದ ಎತ್ತಿ ಬಿಡಿ. ಟಪ್ ಅಂತ ಕೂರಬೇಕು. ವಾಶರು ಹರಿದಿದ್ದರೆ, ಗಟ್ಟಿಯಾಗಿದ್ದರೆ ಬೇರೆ ಹಾಕಿ. ಹಳೆಯ ವಾಶರನ್ನೇ ಅಂಗಡಿಗೆ ತೆಗೆದುಕೊಂಡು ಹೋಗಿ ತೋರಿಸಿ. ಅಳತೆ ತಪ್ಪುವುದಿಲ್ಲ. ಫುಟ್ ವಾಲಿನ ಮೈಯೇ ತುಕ್ಕು ಹಿಡಿದಿದ್ದರೆ ಹೊಸದು ಹಾಕುವುದೇ ಒಳ್ಳೆಯದು. ಪೈಪಿಗೆ ಕೂರಿಸಿ, ಬಾವಿಗೆ ಬಿಡುವ ಮೊದಲೇ ಪೈಪಿಗೆ ಸ್ವಲ್ಪ ನೀರು ಹಾಕಿ ಸೋರುತ್ತದಾ ನೋಡಿ. ಬಿಟ್ಟ ಮೇಲೆ ನೋಡಿದರೆ ಮತ್ತೆ ಎತ್ತುವ ಕೆಲಸ.

ಈ ಕೆಲಸಕ್ಕೆ ಯಾರನ್ನೂ ಬಾವಿಗೆ ಇಳಿಸಬೇಡಿ. ಇದನ್ನು ನಾವು ಒತ್ತಿ ಹೇಳುತ್ತೇವೆ.

ಆಳವಾದ ಬಾವಿಯ ತಳದಲ್ಲಿ ಕೆಟ್ಟ ಗಾಳಿ ನಿಂತಿರಬಹುದು. ಉಸಿರಾಡುವ ಒಳ್ಳೆಯ ಗಾಳಿ ಅಲ್ಲಿ ಇಲ್ಲದೆ ಇರಬಹುದು. ಕಣ್ಣಿಗೆ ಏನೂ ಕಾಣುವುದಿಲ್ಲ. ಎಷ್ಟೋ ಸಲ ವಾಸನೆಯೂ ಇರುವುದಿಲ್ಲ. ಇಳಿದವರು ಎಚ್ಚರ ತಪ್ಪಿ ಬೀಳುತ್ತಾರೆ. ಅವರನ್ನು ಉಳಿಸಲು ಅಣ್ಣ ಇಳಿಯುತ್ತಾನೆ. ಅವನೂ ಬೀಳುತ್ತಾನೆ. ನೆರೆಯವರು ಇಳಿಯುತ್ತಾರೆ. ಒಂದೇ ಬಾವಿಯಲ್ಲಿ ಇಬ್ಬರು, ಮೂವರು ಸತ್ತ ಸುದ್ದಿ ಪೇಪರಿನಲ್ಲಿ ಬರುವುದು ಹೀಗೆ. ಕೆಲವರು ದೀಪ ಇಳಿಸಿ ನೋಡುತ್ತಾರೆ. ದೀಪ ಆರಿದರೆ ಇಳಿಯಲೇ ಬಾರದು, ಅದು ಖಂಡಿತ. ಆದರೆ ದೀಪ ಉರಿಯಿತು ಅಂದರೆ ಅಪಾಯ ಇಲ್ಲ ಅಂತ ಅಲ್ಲ. ದೀಪವನ್ನು ಆರಿಸದ ವಿಷದ ಗಾಳಿಯೂ ಇದೆ. ಬಾವಿಯೊಳಗೆ ಡೀಸೆಲ್ ಅಥವಾ ಪೆಟ್ರೋಲು ಎಂಜಿನು ಇಟ್ಟು ಓಡಿಸಿದರೆ ಆ ಗಾಳಿ ತುಂಬಿಕೊಳ್ಳುತ್ತದೆ. ಯಾರಾದರೂ ಬಾವಿಯಲ್ಲಿ ಎಚ್ಚರ ತಪ್ಪಿದರೆ 112ಕ್ಕೆ ಫೋನು ಮಾಡಿ. ಅಗ್ನಿಶಾಮಕ ದಳದ ನಂಬರು 101. ಅವರ ಹತ್ತಿರ ಬೇಕಾದ ಸಾಮಾನು ಇರುತ್ತದೆ. ಅವರು ಬರುವ ತನಕ ಮತ್ತೊಬ್ಬರು ಇಳಿಯದ ಹಾಗೆ ಹಿಡಿದುಕೊಳ್ಳಿ. ಅಳುತ್ತಿರುವ ತಾಯಿಯನ್ನು, ಹೆಂಡತಿಯನ್ನು ಹಿಡಿಯುವುದು ಕಷ್ಟ. ಆದರೂ ಹಿಡಿಯಬೇಕು.

ಗಾಳಿ ಸೋರುವ ತೂತು

ಫುಟ್ ವಾಲು ಸರಿ ಇದೆ, ನೀರು ಸ್ವಲ್ಪ ಬರುತ್ತದೆ, ಮತ್ತೆ ನಿಲ್ಲುತ್ತದೆ. ಅಥವಾ ಟ್ಯಾಂಕಿಗೆ ಬೀಳುವ ನೀರು ಫುಸ್ ಫುಸ್ ಅಂತ ಉಗುಳಿದ ಹಾಗೆ ಬರುತ್ತದೆ. ಇದು ಗಾಳಿ ಸೇರುವ ಗುರುತು. ಬಾವಿಯ ಪೈಪಿನಲ್ಲಿ ಸಣ್ಣ ತೂತಿದ್ದರೆ, ಪಂಪು ನಿಂತಾಗ ಅಲ್ಲಿಂದ ನೀರು ಹೊರಗೆ ಬರುತ್ತದೆ. ಓಡುವಾಗ ಅದೇ ತೂತಿನಿಂದ ಗಾಳಿ ಒಳಗೆ ಹೋಗುತ್ತದೆ. ಹಾಗಾಗಿ ಓಡುವಾಗ ನೋಡಿದರೆ ಒಂದು ಹನಿಯೂ ಕಾಣುವುದಿಲ್ಲ. "ಎಲ್ಲೂ ಸೋರುವುದಿಲ್ಲ" ಅಂತ ಜನ ಹೇಳುವುದು ಅದಕ್ಕೇ.

ಸಂಶಯ ಇರುವ ಜಾಯಿಂಟಿಗೆ, ಪಂಪು ನಿಲ್ಲಿಸಿ, ಗೋಧಿ ಹಿಟ್ಟಿನ ಕಣಕವನ್ನೋ ಜೇಡಿಮಣ್ಣನ್ನೋ ಸುತ್ತಲೂ ದಪ್ಪಗೆ ಮೆತ್ತಿ. ಆಮೇಲೆ ಓಡಿಸಿ ನೋಡಿ. ನೀರು ಸರಿಯಾಗಿ ಬಂದರೆ ಕಳ್ಳ ಸಿಕ್ಕಿದ! ಮೆತ್ತಿದ ಹಿಟ್ಟು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ತಿರುಗಿಸಿ ಕೂರಿಸುವ ಜಾಯಿಂಟಾದರೆ ಬಿಚ್ಚಿ, ಬಿಳಿ ಟೆಫ್ಲಾನ್ ಟೇಪು ಸುತ್ತಿ ಮತ್ತೆ ಕೂರಿಸಬೇಕು. ಪ್ಲಾಸ್ಟಿಕ್ ಪೈಪು ಸೀಳಿದ್ದರೆ ಆ ತುಂಡು ಕತ್ತರಿಸಿ ಬೇರೆ ಹಾಕಬೇಕು. ಎರಡು ದಿನದ ಮಟ್ಟಿಗೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಬಿಗಿಯಾಗಿ ಸುತ್ತಿ ಕಟ್ಟಿದರೂ ನಡೆಯುತ್ತದೆ. ನೀರು ಹಾಕುವ ಬೋಲ್ಟಿನ ಕೆಳಗಿರುವ ವಾಶರನ್ನೂ ನೋಡಿ. ಅದು ಹರಿದಿದ್ದರೂ ಗಾಳಿ ಒಳಗೆ ಹೋಗಬಹುದು. ಮೋಟಾರು ಮತ್ತು ಪಂಪಿನ ನಡುವಿನಿಂದ ನೀರು ತೊಟ್ಟಿಕ್ಕುತ್ತಿದ್ದರೆ ಸೀಲು ಹೋಗಿದೆ ಅಂತ ಅರ್ಥ. ಅದು ಮೆಕ್ಯಾನಿಕ್ಕಿನ ಕೆಲಸ.

ಇಷ್ಟೆಲ್ಲ ಸರಿ ಇದ್ದೂ ನೀರು ಬರದಿದ್ದರೆ ಪಂಪಿನೊಳಗಿನ ಚಕ್ರಕ್ಕೆ ಕಸ ಸಿಕ್ಕಿರಬಹುದು, ಚಕ್ರ ಸವೆದಿರಬಹುದು. ಅದನ್ನೂ ಅವರೇ ಬಿಚ್ಚಲಿ.

ಮೋಟಾರೇ ತಿರುಗದಿದ್ದರೆ

ಸ್ವಿಚ್ಚು ಹಾಕಿದರೆ ಸದ್ದೇ ಇಲ್ಲವಾ? ಮನೆಯಲ್ಲಿ ಕರೆಂಟು ಇದೆಯಾ, ಫ್ಯೂಸು ಹೋಗಿದೆಯಾ ನೋಡಿ. ಫ್ಯೂಸಿಗೆ ದಪ್ಪ ತಂತಿ ಹಾಕಬೇಡಿ. ಮೋಟಾರು ಸುಡುವ ಮೊದಲು ತಾನು ಸುಡಬೇಕು, ಫ್ಯೂಸು ಇರುವುದೇ ಅದಕ್ಕೆ.

ಗುಂಯ್ ಅಂತ ಸದ್ದು ಬರುತ್ತದೆ, ತಿರುಗುವುದಿಲ್ಲ. ಕೂಡಲೇ ಆರಿಸಿ. ಹಾಗೇ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಮೋಟಾರು ಸುಡುತ್ತದೆ. ಸಂಜೆ ಹೊತ್ತಾದರೆ ಓಲ್ಟೇಜು ಕಡಿಮೆ ಇರಬಹುದು. ಮನೆಯ ಕರೆಂಟು 230 ಓಲ್ಟು ಇರಬೇಕು. ಬಲ್ಬು ಮಂಕಾಗಿ ಉರಿದರೆ, ಫ್ಯಾನು ನಿಧಾನವಾದರೆ ಪಂಪು ಹಾಕಬೇಡಿ. ದಿನಾ ಹೀಗೇ ಆದರೆ 1912ಕ್ಕೆ ಫೋನು ಮಾಡಿ ಹೇಳಿ. ಓಲ್ಟೇಜು ಸರಿ ಇದ್ದೂ ಗುಂಯ್ ಅಂದರೆ ಕಂಡೆನ್ಸರು ಹೋಗಿರಬಹುದು. ಮೋಟಾರಿನ ಮೇಲಿನ ಪೆಟ್ಟಿಗೆಯಲ್ಲಿ ಸಣ್ಣ ಡಬ್ಬಿಯ ಹಾಗೆ ಇರುವುದೇ ಕಂಡೆನ್ಸರು. ಅದನ್ನು ನೀವು ಮುಟ್ಟಬೇಡಿ. ಕರೆಂಟು ಆರಿಸಿದ ಮೇಲೂ ಅದರೊಳಗೆ ಕರೆಂಟು ಉಳಿದಿರುತ್ತದೆ. ಮಳೆಗಾಲ ಪೂರ್ತಿ ಓಡಿಸದೆ ಬಿಟ್ಟ ಪಂಪು ತುಕ್ಕಿನಿಂದ ಹಿಡಿದುಕೊಂಡಿರುವುದೂ ಉಂಟು. ಅದಕ್ಕೆ ಉಪಾಯ, ಬೇಡದಿದ್ದರೂ ವಾರಕ್ಕೊಮ್ಮೆ ಐದು ನಿಮಿಷ ಓಡಿಸುವುದು.

ತೋಟದ ದೊಡ್ಡ ಪಂಪು ಮೂರು ಫೇಸಿನದ್ದು. ಲೈನು ರಿಪೇರಿಯಾದ ಮೇಲೆ ಅದು ಉಲ್ಟಾ ತಿರುಗಬಹುದು. ಆಗಲೂ ನೀರು ಸರಿಯಾಗಿ ಬರುವುದಿಲ್ಲ. ಪಂಪಿನ ಮೇಲೆ ಬಾಣದ ಗುರುತು ಇರುತ್ತದೆ, ಅದೇ ಕಡೆಗೆ ತಿರುಗಬೇಕು. ವಯರು ಬದಲಿಸುವುದು ಕರೆಂಟು ಕೆಲಸದವರು.

ಮೆಕ್ಯಾನಿಕ್ಕನ್ನು ಕರೆಯುವಾಗ

ಪಂಪಿನ ಮೈಮೇಲೆ ಒಂದು ತಗಡು ಇರುತ್ತದೆ. ಅಕ್ಷರ ಇಂಗ್ಲಿಷಿನದ್ದು. ಆದರೆ ಅಂಕೆ ನಿಮಗೆ ಬರುತ್ತದೆ. 0.5 ಅಂತ ಇದ್ದರೆ ಅರ್ಧ ಎಚ್‌ಪಿ, 1 ಅಂತ ಇದ್ದರೆ ಒಂದು ಎಚ್‌ಪಿ. 25 ಗುಣಿಸು 25 ಅನ್ನುವ ಹಾಗೆ ಬರೆದಿದ್ದರೆ ಅದು ಪೈಪಿನ ಅಳತೆ, ಮಿಲಿಮೀಟರಿನಲ್ಲಿ. 25 ಅಂದರೆ ಒಂದು ಇಂಚು. ಈ ಅಂಕೆಗಳನ್ನು ನೋಟುಪುಸ್ತಕದಲ್ಲಿ ಬರೆದು ಇಟ್ಟುಕೊಳ್ಳಿ. ಅದರ ಕೆಳಗೆ ಪಂಪು ಯಾವ ತಾರೀಕಿಗೆ ನಿಂತಿತು, ನೀರು ಎಷ್ಟು ಮಾರು ಕೆಳಗಿದೆ, ಸದ್ದು ಹೇಗಿದೆ, ನೀರು ಹಾಕಿದರೆ ನಿಲ್ಲುತ್ತದಾ ಇಳಿಯುತ್ತದಾ, ಇಷ್ಟು ಬರೆಯಿರಿ. ಫೋನಿನಲ್ಲಿ ಅದನ್ನೇ ಓದಿ ಹೇಳಿ.

"ಪಂಪು ಹಾಳಾಗಿದೆ, ಬೇಗ ಬಾ" ಅಂದರೆ ಅವನು ಬರಿಗೈಯಲ್ಲಿ ಬಂದು, ನೋಡಿ, ಸಾಮಾನು ತರಲು ಮತ್ತೆ ಪೇಟೆಗೆ ಹೋಗುತ್ತಾನೆ. "ಮೋಟಾರು ಸರಿ ಉಂಟು, ನೀರು ಹಾಕಿದರೆ ಹತ್ತು ನಿಮಿಷದಲ್ಲಿ ಇಳಿತದೆ, ಪೈಪಲ್ಲಿ ಎಲ್ಲೂ ಹನಿ ಇಲ್ಲ, ಒಂದು ಇಂಚಿನ ಫುಟ್ ವಾಲು ತೆಗೊಂಡು ಬಾ" ಅಂದರೆ ಒಂದೇ ಸಲಕ್ಕೆ ಕೆಲಸ ಮುಗಿಯುತ್ತದೆ. ಹೊಸ ಪಂಪಿನ ಮಾತನ್ನು ಅವನೂ ಸುಲಭಕ್ಕೆ ಎತ್ತುವುದಿಲ್ಲ. ಹೊಸದಾಗಿ ಹಾಕಿದ ಸಾಮಾನಿಗೆ ಬಿಲ್ಲು ಕೇಳಿ, ಬಿಚ್ಚಿದ ಹಳೆಯದನ್ನು ಇಲ್ಲೇ ಬಿಟ್ಟು ಹೋಗಲು ಹೇಳಿ. ಬಿಲ್ಲಿನ ತಾರೀಕು ಓದಿ ನೋಡಿ, ಅದೇ ನೋಟುಪುಸ್ತಕದಲ್ಲಿ ಇಟ್ಟುಬಿಡಿ. ಮುಂದಿನ ಫೆಬ್ರವರಿಯಲ್ಲಿ, ಬಾವಿಯ ನೀರು ಇಳಿಯುವ ಮೊದಲು, ಫುಟ್ ವಾಲನ್ನು ಒಮ್ಮೆ ಎತ್ತಿ ತೊಳೆಯಬೇಕು ಅಂತ ಅಲ್ಲೇ ಒಂದು ಸಾಲು ಬರೆಯಿರಿ.